ಧಾರೆ ಸಣ್ಣದಾದರೆ ಅಡ್ಡಿ ಇದೆ ಎಂದೇ ಅರ್ಥವಲ್ಲ

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ, ಮೂತ್ರದ ಧಾರೆ ಸಣ್ಣದಾಗಿದೆ ಎಂದ ಕೂಡಲೇ ಗ್ರಂಥಿಯೇ ದಾರಿ ಕಟ್ಟಿದೆ ಎಂದು ತೀರ್ಮಾನಿಸುವುದು ಸರಿಯಲ್ಲ. ಮೂತ್ರಕೋಶದ ಸ್ನಾಯು ಸೋತಿದ್ದರೂ ಧಾರೆ ಹಾಗೆಯೇ ಇಳಿಯುತ್ತದೆ. ಇವೆರಡನ್ನೂ ಬೇರ್ಪಡಿಸಿ ನೋಡದೆ ಆಪರೇಷನ್ ಮಾಡಿದರೆ ತೊಂದರೆ ಹಾಗೆಯೇ ಉಳಿಯಬಹುದು.

ಮೊದಲ ಪರೀಕ್ಷೆ ಯೂರೋಫ್ಲೋಮೆಟ್ರಿ, ಅಂದರೆ ಮೂತ್ರ ಹರಿಯುವ ವೇಗದ ಅಳತೆ. ಯಂತ್ರದ ಆಲಿಕೆಗೆ ಮೂತ್ರ ಮಾಡುವುದಷ್ಟೇ ಕೆಲಸ. ಕನಿಷ್ಠ 150 ಮಿ.ಲೀ. ಹೋಗದಿದ್ದರೆ ಆ ಅಂಕಿಯನ್ನು ನಂಬಬಾರದು. ತಿಣುಕಿದರೆ, ಧಾರೆಯನ್ನು ಅತ್ತಿತ್ತ ಆಡಿಸಿದರೆ, ಆಲಿಕೆಗೆ ಕಾಲು ತಗುಲಿದರೆ ಗ್ರಾಫಿನಲ್ಲಿ ಚೂಪು ಮೊನೆಗಳೇಳುತ್ತವೆ. ಯಂತ್ರ ಅದನ್ನೇ ಗರಿಷ್ಠ ವೇಗವೆಂದು ಅಚ್ಚು ಹಾಕುತ್ತದೆ. ಹಾಗಾಗಿ ಅಂಕಿಗಿಂತ ಮೊದಲು ಗ್ರಾಫ್ ನೋಡಬೇಕು, ಎರಡು ಸಲವಾದರೂ ಮಾಡಿಸಬೇಕು. ಸೆಕೆಂಡಿಗೆ 10 ಮಿ.ಲೀ.ಗಿಂತ ಕಡಿಮೆಯಿದ್ದರೆ ಅಡ್ಡಿಯ ಅನುಮಾನ ಬಲವಾಗುತ್ತದೆ, ಖಚಿತವಾಗುವುದಿಲ್ಲ.

ಮೂತ್ರಕೋಶದಲ್ಲಿ ಎಷ್ಟು ಮೂತ್ರ ಉಳಿದಿದೆ ಎಂದು ನೋಡಲು ಮೂತ್ರ ಮಾಡಿದ ಬೆನ್ನಲ್ಲೇ ಸ್ಕ್ಯಾನ್ ಆಗಬೇಕು. ತಡವಾದರೆ ಹೊಸ ಮೂತ್ರ ಇಳಿದು ಉಳಿಕೆಯ ಲೆಕ್ಕ ಕೆಡುತ್ತದೆ. ಸ್ಕ್ಯಾನಿನಲ್ಲಿ ಕಂಡ ಮೂತ್ರಕೋಶದ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ 0.52ರಿಂದ ಮತ್ತೆ ಗುಣಿಸುತ್ತಾರೆ: 8, 6, 5 ಸೆಂ.ಮೀ. ಇದ್ದರೆ ಸುಮಾರು 125 ಮಿ.ಲೀ. ಗ್ರಂಥಿಯ ತೂಕಕ್ಕಿಂತ ಅದು ಮೂತ್ರಕೋಶದೊಳಗೆ ಎಷ್ಟು ಚಾಚಿಕೊಂಡಿದೆ ಎಂಬುದು ಹೆಚ್ಚು ಹೇಳುತ್ತದೆ. 10 ಮಿ.ಮೀ. ದಾಟಿದ್ದರೆ ಅಡ್ಡಿಯ ಸಾಧ್ಯತೆ ಹೆಚ್ಚು.

ಅನುಮಾನ ಉಳಿದರೆ ಒತ್ತಡ, ವೇಗ ಎರಡನ್ನೂ ಒಟ್ಟಿಗೆ ಅಳೆಯುವ ಪ್ರೆಷರ್-ಫ್ಲೋ ಪರೀಕ್ಷೆಯೇ ಬೇಕು. ಮೂತ್ರದ ಸೋಂಕಿಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಮೂತ್ರಕೋಶಕ್ಕೆ ತೆಳು ಕ್ಯಾತಿಟರ್ (ಕೊಳವೆ) ಒಂದು, ಹೊಟ್ಟೆಯ ಒತ್ತಡ ಅಳೆಯಲು ಗುದದ್ವಾರದಲ್ಲಿ ಇನ್ನೊಂದು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಸ್ನಾಯುವಿನ ಸ್ವಂತ ಒತ್ತಡ ಸಿಗುತ್ತದೆ. ಆಗಾಗ ಕೆಮ್ಮಿಸಬೇಕು: ಎರಡೂ ಗೆರೆಗಳು ಸಮನಾಗಿ ಏರದಿದ್ದರೆ ಟ್ಯೂಬಿನಲ್ಲಿ ಗಾಳಿಗುಳ್ಳೆ ಇರಬಹುದು, ಕ್ಯಾತಿಟರ್ ಸರಿದಿರಬಹುದು. ಸರಿಪಡಿಸದೆ ಮುಂದುವರಿದರೆ ಇಡೀ ವರದಿ ವ್ಯರ್ಥ.

ಗರಿಷ್ಠ ವೇಗದ ಹೊತ್ತಿನ ಸ್ನಾಯುವಿನ ಒತ್ತಡದಿಂದ ಆ ವೇಗದ ಎರಡರಷ್ಟನ್ನು ಕಳೆಯಿರಿ. 40 ದಾಟಿದರೆ ಅಡ್ಡಿ ಇದೆ, 20ಕ್ಕಿಂತ ಕಡಿಮೆಯಾದರೆ ಇಲ್ಲ. ಇಬ್ಬರಿಗೂ ವೇಗ 8 ಎಂದಿಟ್ಟುಕೊಳ್ಳಿ. ಒಬ್ಬರ ಒತ್ತಡ 70 ಸೆಂ.ಮೀ. ನೀರು, ಫಲ 54: ದಾರಿ ಕಟ್ಟಿದೆ. ಇನ್ನೊಬ್ಬರದು 25, ಫಲ 9: ಅಡ್ಡಿಯಿಲ್ಲ. ಒತ್ತಡಕ್ಕೆ ವೇಗದ ಐದರಷ್ಟನ್ನು ಕೂಡಿಸಿದರೆ ಸ್ನಾಯುವಿನ ಬಲ ತಿಳಿಯುತ್ತದೆ. ಎರಡನೆಯವರದು 65, ಅಂದರೆ 100ಕ್ಕಿಂತ ಕಡಿಮೆ, ದುರ್ಬಲ. 20ರಿಂದ 40ರ ನಡುವೆ ಬಂದವರಿಗೆ ಮಾತ್ರ ಲಕ್ಷಣ, ಉಳಿಕೆ, ಸ್ಕ್ಯಾನ್ ಎಲ್ಲವನ್ನೂ ಒಟ್ಟಿಗಿಟ್ಟು ನಿರ್ಧರಿಸಬೇಕು.

ಪರೀಕ್ಷೆಯ ನಂತರ ಒಂದೆರಡು ದಿನ ಉರಿ ಸಹಜ. ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.