ಒಂದೇ ದಿನ 60 ಮೂಲಂಗಿ

ಭಾನುವಾರ ಬೆಳಿಗ್ಗೆ ಸುಮ್ನೆ ಒಂದು ಮೂಲಂಗಿ ಕಿತ್ತು ನೋಡಿದೆ. ಸೀಳು ಬಿಟ್ಟಿತ್ತು. ಪಕ್ಕದ್ದನ್ನು ಕಿತ್ತು ಕೊಯ್ದರೆ ಒಳಗೆಲ್ಲ ಬೆಂಡು, ಒಣಗಿದ ಸ್ಪಂಜಿನ ಹಾಗೆ. ಹಿಂದಿನ ವಾರ ಇದೇ ಸಾಲಿನದ್ದು ಕಚ್ಚಿದರೆ ಕಟಕ್ ಅನ್ನುತ್ತಿತ್ತು. ಇನ್ನು ಬಿಟ್ಟರೆ ಎಲ್ಲವೂ ಹಾಳು ಅಂತ ಇಡೀ ಮಡಿಯನ್ನೇ ಕಿತ್ತು ಹಾಕಿದೆ. ಎಣಿಸಿದರೆ 60. ಬುಟ್ಟಿ ತುಂಬಿತು, ಮಡಿ ಖಾಲಿಯಾಯಿತು. ಆಮೇಲೆ ಒಂದು ತಿಂಗಳು ಅಲ್ಲಿ ಕೀಳೋಕೆ ಏನೂ ಇರಲಿಲ್ಲ.

ತಪ್ಪು ನನ್ನದೇ. ಬೀಜದ ಪೊಟ್ಟಣ ಒಡೆದರೆ ನನ್ನ ಕೈ ನಿಲ್ಲುವುದಿಲ್ಲ. ಮಡಿಯಲ್ಲಿ ಜಾಗ ಇದೆ, ಪೊಟ್ಟಣದಲ್ಲಿ ಬೀಜ ಇದೆ, ಉಳಿಸುವುದು ಯಾಕೆ ಅಲ್ವಾ? ಆದರೆ ಒಂದೇ ದಿನ ಬಿತ್ತಿದ್ದು ಹೆಚ್ಚುಕಡಿಮೆ ಒಂದೇ ವಾರದಲ್ಲಿ ಬಂದುಬಿಡುತ್ತದೆ. ಈ ಗುಂಡು ಕೆಂಪು ಮೂಲಂಗಿ 25-30 ದಿನಕ್ಕೆ ತಯಾರು. ಮಣ್ಣಲ್ಲಿ ಕಾಯುವ ತಾಳ್ಮೆ ಅದಕ್ಕಿಲ್ಲ. ಕ್ಯಾರೆಟ್ ಆಗಿದ್ದರೆ ಇನ್ನೂ ಕೆಲವು ವಾರ ತೆಪ್ಪಗೆ ಕೂತಿರುತ್ತಿತ್ತು.

ಮುಂದಿನ ಸಲ ಕ್ಯಾಲೆಂಡರ್ ಹಿಡಿದು ಕೂತೆ. 10 ದಿನಕ್ಕೊಮ್ಮೆ 15 ಬೀಜ, ಅಷ್ಟೇ. ಪೊಟ್ಟಣದ ಬಾಯಿಗೆ ಕ್ಲಿಪ್ ಹಾಕಿ ಕೈಗೆ ಸಿಗದ ಕಡೆ ಇಟ್ಟೆ. ಇಷ್ಟೆಲ್ಲ ಶಿಸ್ತು ಮಾಡಿದರೂ ಎರಡನೆಯ ಮತ್ತು ಮೂರನೆಯ ಕಂತು ಒಂದೇ ವಾರ ಕೊಯ್ಲಿಗೆ ಬಂದವು! ಯಾಕೆ ಅಂತ ನಿಧಾನವಾಗಿ ಹೊಳೆಯಿತು. ಎರಡನೆಯದನ್ನು ಬಿತ್ತಿದಾಗ ಚಳಿ ಇತ್ತು, ಮೊಳಕೆ ಕಾಣಲು ವಾರದ ಮೇಲೆ ಹಿಡಿಯಿತು. ಮೂರನೆಯದರ ಹೊತ್ತಿಗೆ ಬಿಸಿಲು ಏರಿತ್ತು. ನಾಲ್ಕೇ ದಿನಕ್ಕೆ ಮಣ್ಣು ಸೀಳಿ ಬಂತು. ಹವೆ ಬೆಚ್ಚಗಾಗುವ ಕಾಲದಲ್ಲಿ ತಡವಾಗಿ ಬಿತ್ತಿದ್ದು ಓಡಿ ಬಂದು ಮುಂಚಿನದನ್ನು ಹಿಡಿದುಬಿಡುತ್ತದೆ. ಚಳಿ ಶುರುವಾಗುವಾಗ ಇದರ ಉಲ್ಟಾ, ಎರಡು ಕಂತಿನ ನಡುವೆ ಬುಟ್ಟಿ ಖಾಲಿ ಬೀಳುತ್ತದೆ.

ಈಗ ತಾರೀಕು ನೋಡುವುದನ್ನು ಬಿಟ್ಟು ಎಲೆ ನೋಡುತ್ತೇನೆ. ಮೂಲಂಗಿಯಲ್ಲಿ ಮೊದಲು ಬರುವ ಜೋಡಿ ಎಲೆ ನುಣುಪು, ಹೃದಯದ ಆಕಾರ. ಅವು ಬೀಜದೆಲೆಗಳು, ಲೆಕ್ಕಕ್ಕಿಲ್ಲ. ಅವುಗಳ ನಡುವಿನಿಂದ ಸಣ್ಣ ರೋಮಗಳ, ಮುಟ್ಟಿದರೆ ಒರಟು ಅನ್ನಿಸುವ ಎಲೆ ಹೊರಟಿತು ಅನ್ನಿ, ಮುಂದಿನ 15 ಬೀಜ ಮಣ್ಣಿಗೆ. ಚಳಿಯಲ್ಲಿ ಆ ಎಲೆಯೂ ತಡ ಮಾಡುತ್ತದೆ, ಹಾಗಾಗಿ ಲೆಕ್ಕ ತಾನಾಗಿ ಸರಿಹೋಗುತ್ತದೆ. ಕೊತ್ತಂಬರಿಗೂ ಹೀಗೇ ಮಾಡಿದೆ. ಅದು ಸೆಕೆ ತಾಗಿದರೆ ಎಲೆ ಬಿಟ್ಟು ಹೂವಿಗೆ ಓಡುತ್ತದೆ, ಸಾಲು ಎಷ್ಟಿದ್ದರೂ ಉಪಯೋಗವಿಲ್ಲ. ಬೇಸಿಗೆಯಲ್ಲಿ ನಾನು ಅದರ ಸಹವಾಸಕ್ಕೇ ಹೋಗುವುದಿಲ್ಲ.

ನಿಜವಾದ ಕಷ್ಟ ಬಿತ್ತುವುದಲ್ಲ, ಕೀಳುವುದು. ಗಿಡ್ಡ ಬೀನ್ಸ್ ಎರಡು ಮೂರು ವಾರ ಚೆನ್ನಾಗಿ ಕೊಟ್ಟು ಸುಸ್ತಾಗುತ್ತದೆ. ಆಮೇಲೆ ದಿನಕ್ಕೊಂದು ಸೊಟ್ಟ ಕಾಯಿ. ಅಷ್ಟರಲ್ಲಿ ಟ್ರೇಯಲ್ಲಿ ಪಾಲಕ್ ಸಸಿಗಳು ಜಾಗಕ್ಕಾಗಿ ಕಾಯುತ್ತಾ ಬೇರು ಸುತ್ತಿಕೊಂಡು ಕೂತಿರುತ್ತವೆ. ಹೋದ ವರ್ಷ ಆ ಒಂದೊಂದು ಕಾಯಿಯ ಆಸೆಗೆ ಬಿದ್ದು 20 ಸಸಿ ಕಳೆದುಕೊಂಡೆ. ಟ್ರೇಯಲ್ಲೇ ಹಳದಿಯಾದವು.

ಈ ಸಲ ಕತ್ತರಿ ಹಿಡಿದು ಹೋದೆ. ಬೀನ್ಸ್ ಗಿಡಗಳನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿದೆ, ಬೇರನ್ನು ಒಳಗೇ ಕೊಳೆಯಲು ಬಿಟ್ಟೆ. ಒಂದು ಬೇರು ಮಾತ್ರ ಕುತೂಹಲಕ್ಕೆ ಕಿತ್ತು ನೋಡಿದೆ. ಸಾಸಿವೆ ಗಾತ್ರದ ಗಂಟುಗಳು ಅಂಟಿಕೊಂಡಿದ್ದವು, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾಗಳ ಮನೆ ಅವು. ಎರಡು ಬೊಗಸೆ ಕಾಂಪೋಸ್ಟ್ ಹಾಕಿ, ಬುಡಗಳ ನಡುವೆಯೇ ಪಾಲಕ್ ನೆಟ್ಟೆ. ಮೂಲೆಯ ಗಿಡ ಒಂದನ್ನು ಬಿಟ್ಟಿದ್ದೇನೆ. ಅದರಲ್ಲಿ ಇನ್ನೂ ಎರಡು ಹೂ ಇತ್ತು, ಕೈ ಬರಲಿಲ್ಲ.