ಕೈ ಎಲ್ಲಿದೆ ಸ್ವಾಮಿ?

ಭಾನುವಾರ ಬೆಳಿಗ್ಗೆ ಏಳೂವರೆಗೆ ಬಂದ ಮೊದಲ ಫೋನು ಶಿವಮೊಗ್ಗ ಕಡೆಯ ನಿವೃತ್ತ ಮೇಷ್ಟ್ರೊಬ್ಬರದು. ‘ಚಿತ್ರದಲ್ಲಿರುವ ಬರಿಗೈ ಗಮನಿಸಿ ಅಂತ ಅಚ್ಚು ಹಾಕಿದ್ದೀರಿ. ಕೈ ಎಲ್ಲಿದೆ ಸ್ವಾಮಿ?’

ಪುರವಣಿಯ ಆ ವಾರದ ಮುಖಪುಟ ನನ್ನದು. ಮೊಬೈಲ್ ಗೀಳನ್ನು ಕಲಾವಿದರು ಹೇಗೆಲ್ಲ ಚುಚ್ಚಿದ್ದಾರೆ ಎಂಬ ಲೇಖನ. ಇಂಗ್ಲೆಂಡಿನ ಗೋಡೆಚಿತ್ರ ಕಲಾವಿದ ಬ್ಯಾಂಕ್ಸಿ 2014ರಲ್ಲಿ ಬ್ರಿಸ್ಟಲ್‌ನ ಬಾಗಿಲೊಂದರ ಮೇಲೆ ಬಿಡಿಸಿದ ಜೋಡಿ, ಅಪ್ಪಿಕೊಂಡೇ ತಂತಮ್ಮ ಮೊಬೈಲ್ ನೋಡುತ್ತಿರುವವರು, ಒಳಪುಟಕ್ಕೆ. ವಿಡಿಯೊ ಕಲಾವಿದ ನಾಮ್ ಜೂನ್ ಪೈಕ್ 1974ರಲ್ಲೇ ಟಿ.ವಿ. ಮುಂದೆ ಕೂರಿಸಿದ ಬುದ್ಧ, ತೆರೆಯ ಮೇಲೆ ತನ್ನನ್ನೇ ನೋಡಿಕೊಳ್ಳುವವನು, ಬಾಕ್ಸಿಗೆ. ಲೀಡ್ ಚಿತ್ರ ಮಾತ್ರ ಎರಿಕ್ ಪಿಕರ್ಸ್‌ಗಿಲ್ ಅವರದೇ ಆಗಬೇಕೆಂದು ಹಟ ಹಿಡಿದವನು ನಾನು. ಅಮೆರಿಕದ ಈ ಛಾಯಾಗ್ರಾಹಕರು ‘ರಿಮೂವ್ಡ್’ ಸರಣಿಗಾಗಿ ಮೊಬೈಲ್ ಹಿಡಿದು ಕೂತವರಿಗೆ ಅಲುಗಾಡಬೇಡಿ ಎಂದು ಹೇಳಿ, ಕೈಯಲ್ಲಿದ್ದುದನ್ನು ತೆಗೆದುಕೊಂಡು, ಆಮೇಲೆ ಕ್ಲಿಕ್ಕಿಸಿದರು. ಎಲ್ಲವೂ ಕಪ್ಪುಬಿಳುಪು. ಒಂದರಲ್ಲಿ ಅವರೂ ಅವರ ಹೆಂಡತಿಯೂ ಹಾಸಿಗೆಯಲ್ಲಿ ಬೆನ್ನು ತಿರುಗಿಸಿಕೊಂಡು ಮಲಗಿದ್ದಾರೆ. ಅತ್ತ ಒಂದು ಅಂಗೈ, ಇತ್ತ ಒಂದು ಅಂಗೈ, ಏನನ್ನೋ ಹಿಡಿದಂತೆ ಬಾಗಿವೆ. ಹಿಡಿತದಲ್ಲಿ ಏನೂ ಇಲ್ಲ. ಆ ಬರಿಗೈಗಳು ಕಾಣದಿದ್ದರೆ ಅದು ಜಗಳವಾಡಿ ಮಲಗಿದ ಗಂಡ ಹೆಂಡಿರ ಫೋಟೊ, ಅಷ್ಟೆ.

ಗುರುವಾರ ಎಂಟು ಗಂಟೆಗೆ ಪುಟ ಬಿಡಬೇಕು. ಏಳೂಮುಕ್ಕಾಲಿಗೆ ಜಾಹೀರಾತು ವಿಭಾಗದಿಂದ ಎರಡು ಕಾಲಮಿನ ಪಟ್ಟಿ ಬಂದು ಕೂತಿದೆ. ಹಳೆಯ ಮೊಬೈಲ್ ಕೊಟ್ಟು ಹೊಸದು ಒಯ್ಯಿರಿ ಎಂಬ ಜಾಹೀರಾತು! ವಿನ್ಯಾಸದ ಹುಡುಗ ಚಿತ್ರವನ್ನು ಎರಡೂ ಬದಿಯಿಂದ ಕತ್ತರಿಸಿ ಹೊಂದಿಸಿದ. ಅವನ ತಪ್ಪಿಲ್ಲ, ಹದಿನೈದು ನಿಮಿಷದಲ್ಲಿ ಲೇಖನ ಓದು ಎನ್ನುವುದು ಹೇಗೆ? ನಾನು ತುಮಕೂರಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ. ಬಲಗೈಯಲ್ಲಿ ಪಾಯಸ, ಎಡಗೈಯಲ್ಲಿ ಪುಟದ ಪಿಡಿಎಫ್. ಶೀರ್ಷಿಕೆ ಹಿಗ್ಗಿಸಿ ನೋಡಿದೆ, ಒತ್ತಕ್ಷರ ಸರಿಯಿತ್ತು. ಅಡಿಬರಹ ಹಿಗ್ಗಿಸಿ ನೋಡಿದೆ, ‘ಪಿಕರ್ಸ್‌ಗಿಲ್’ ಸರಿಯಿತ್ತು. ಚಿತ್ರ ಹಿಗ್ಗಿಸಲಿಲ್ಲ; ಅದು ನನಗೆ ಗೊತ್ತಿರುವ ಚಿತ್ರವಲ್ಲವೇ? ಹೆಬ್ಬೆರಳು ಎತ್ತಿದ ಗುರುತು ಕಳಿಸಿ ಪಾಯಸ ಸುರಿದೆ.

ಹತ್ತೂಕಾಲಿಗೆ ಬಸ್ಸಿನಲ್ಲಿ ಸುಮ್ಮನೆ ತೆರೆದು ನೋಡಿದಾಗ ಹೊಟ್ಟೆ ತೊಳಸಿತು. ಮುದ್ರಣ ವಿಭಾಗಕ್ಕೆ ಫೋನ್ ಮಾಡಿದೆ. ಫೋರ್‌ಮನ್ ಮಾತಾಡಲಿಲ್ಲ, ಫೋನನ್ನು ಯಂತ್ರದ ಕಡೆಗೆ ಹಿಡಿದರು. ಧಡಧಡ ಸದ್ದು. ‘ನಿಲ್ಲಿಸಬೇಕಾದರೆ ಸಂಪಾದಕರಿಂದ ಹೇಳಿಸಿ ಸರ್.’ ಸಂಪಾದಕರ ಸಂಖ್ಯೆ ತೆಗೆದೆ. ನೆಲಮಂಗಲ ಟೋಲ್ ದಾಟುವವರೆಗೂ ಅದನ್ನೇ ನೋಡುತ್ತ ಕೂತೆ, ಒತ್ತಲಿಲ್ಲ. ಫೋಟೊದ ಅಡಿಬರಹ ಯಾರು ಓದುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಸಾಲಿನ ಮಾತು, ಪ್ಲೇಟ್ ಬದಲಿಸಲು ಇಪ್ಪತ್ತು ನಿಮಿಷ. ಬೈಗುಳಕ್ಕೆ ಹೆದರಿದೆ.

ಭಾನುವಾರ ಮಧ್ಯಾಹ್ನದೊಳಗೆ ಹನ್ನೊಂದು ಕರೆಗಳು. ಎಲ್ಲರೂ ಅಡಿಬರಹ ಓದಿದ್ದರು.

ಕಾಗದ ಉಳಿತಾಯವೆಂದು ಎ3 ಪ್ರೂಫ್ ತೆಗೆಯುವುದನ್ನು ಆಡಳಿತ ನಿಲ್ಲಿಸಿ ಎರಡು ವರ್ಷವಾಯಿತು. ಸೋಮವಾರ ಅದೇ ನೆಪ ಮುಂದಿಟ್ಟು ಟಿಪ್ಪಣಿ ಬರೆದೆ. ಪ್ರಿಂಟರ್ ವಾಪಸ್ ಬಂತು, ಟೋನರ್ ಬಂದಿಲ್ಲ. ಇಂಡೆಂಟ್ ಯಾರದೋ ಮೇಜಿನ ಮೇಲಿದೆ. ಹಾಗಾಗಿ ಈಗ ಗುರುವಾರ ಏಳೂವರೆಯಾದರೆ ಮೊಬೈಲನ್ನು ಡ್ರಾಯರಿನಲ್ಲಿಟ್ಟು ವಿನ್ಯಾಸದ ಹುಡುಗನ ಬೆನ್ನ ಹಿಂದೆ ಹೋಗಿ ನಿಲ್ಲುತ್ತೇನೆ. ಅವನಿಗೆ ಇದು ಹಿಡಿಸಿಲ್ಲ.