ಅದು ಗೊರವಂಕ ಅಲ್ಲಮ್ಮ

"ಅದು ಗೊರವಂಕ ಅಲ್ಲಮ್ಮ, ಕಾಮನ್ ಮೈನಾ. ಅಕ್ರಿಡೋಥೆರಿಸ್ ಟ್ರಿಸ್ಟಿಸ್."

ಭಾನುವಾರ ಹಕ್ಕಿ ನೋಡಲು ಹೋದಾಗ ಗುಂಪಿನ ಮುಂದಾಳು ನನ್ನ ಅಮ್ಮನಿಗೆ ಹೇಳಿದ ಮಾತಿದು. ಅಮ್ಮ "ಹೌದಾ?" ಅಂತ ಸುಮ್ಮನಾದಳು. ಇವತ್ತು ಬುಧವಾರ, ನನ್ನ ತಲೆಯಿಂದ ಮಾತ್ರ ಇನ್ನೂ ಹೋಗಿಲ್ಲ.

ಆತ ಕೆಟ್ಟವರಲ್ಲ. ಎಲೆ ಅಲ್ಲಾಡಿದರೆ ಸಾಕು, ಹಕ್ಕಿ ಯಾವುದೆಂದು ಹೇಳಿಬಿಡುತ್ತಾರೆ. ಆದರೆ 'ಅಲ್ಲ' ಅಂದರೇನು? ಎರಡೂ ಒಂದೇ ಹಕ್ಕಿ ಅಲ್ವಾ? ವೈಜ್ಞಾನಿಕ ಹೆಸರು ಬೇಕು, ಒಪ್ಪುತ್ತೇನೆ. ಭಾಷೆಗೊಂದು ಹೆಸರಿದ್ದರೆ ಯಾರು ಯಾವ ಹಕ್ಕಿಯ ಮಾತಾಡುತ್ತಿದ್ದಾರೆ ಅಂತಲೇ ತಿಳಿಯುವುದಿಲ್ಲ. ಹಾಗಂತ ಅಮ್ಮನ ಹೆಸರು ತಪ್ಪಾಗುತ್ತದಾ?

ಸಿಟ್ಟಿಗೆ ಮನೆಗೆ ಬಂದು ಅರ್ಥ ಹುಡುಕಿದೆ. ಅಕ್ರಿಡೋಥೆರಿಸ್ ಅಂದರೆ ಮಿಡತೆ ಬೇಟೆಗಾರ. ಸರಿ. ಟ್ರಿಸ್ಟಿಸ್ ಅಂದರೆ ದುಃಖಿ! ಅಮ್ಮನಿಗೆ ಹೇಳಿದೆ.

"ಬೆಳಗಾದ್ರೆ ಜಗಳ ಆಡ್ತಿರುತ್ತೆ, ಅದಕ್ಕೆಲ್ಲಿ ದುಃಖ ಪಡೋಕೆ ಪುರುಸೊತ್ತು?" ಅಂದಳು.

ಹೆಸರಿಟ್ಟವನು ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್, 1766ರಲ್ಲಿ. ಆತ ಭಾರತಕ್ಕೆ ಬಂದವನೇ ಅಲ್ಲ. ಇದನ್ನು ಮೊದಲು ಸ್ವರ್ಗದ ಹಕ್ಕಿಗಳ ಗುಂಪಿಗೆ ಸೇರಿಸಿದ್ದ. ಗುಂಪು ಆಮೇಲೆ ಬದಲಾಯಿತು, ದುಃಖ ಉಳಿಯಿತು. ಅದೇ ವರ್ಷ, ಬಾಲದ ಬುಡ ಕೆಂಪಗಿರುವ ಪಿಕಳಾರಕ್ಕೆ 'ಕೇಫರ್', ಅಂದರೆ ದಕ್ಷಿಣ ಆಫ್ರಿಕಾದ್ದು ಅಂತ ಇಟ್ಟ, ಅಲ್ಲಿಯದೇ ಅಂದುಕೊಂಡು. ಅಲ್ಲಿನ ಹಕ್ಕಿಯೇ ಅಲ್ಲ ಅದು! ಆದರೆ ಮೊದಲು ಇಟ್ಟ ಹೆಸರಿಗೇ ಮನ್ನಣೆ ಅನ್ನುವುದು ನಿಯಮ. ಅರ್ಥ ತಪ್ಪಿದೆ ಅಂತ ಬದಲಿಸುವಂತಿಲ್ಲ. ಇವತ್ತಿಗೂ ಅದು ಪಿಕ್ನೊನೋಟಸ್ ಕೇಫರ್.

ನಮ್ಮ ಹರಟೆಮಲ್ಲನನ್ನು ನೋಡಿ. ಆ ಮಂಕು ಬಣ್ಣದ ಹಕ್ಕಿಗಳು ಏಳೆಂಟು ಸೇರಿ ಕಚಪಚ ಅನ್ನುವುದನ್ನು ಕೂತು ಕೇಳದೆ ಆ ಹೆಸರು ಯಾರಿಗಾದರೂ ಹೊಳೆಯುತ್ತಿತ್ತಾ? ಅದರ ಶಾಸ್ತ್ರದ ಹೆಸರಿನಲ್ಲಿ ಗುಂಪನ್ನು ಹೇಳುವ ಮೊದಲ ಪದ ಇತ್ತೀಚೆಗೆ ಟರ್ಡಾಯ್ಡಿಸ್ ಹೋಗಿ ಆರ್ಗ್ಯಾ ಆಯಿತು. ಹರಟೆ ಏನೂ ನಿಂತಿಲ್ಲ.

ಇದನ್ನೆಲ್ಲ ಆ ಮುಂದಾಳಿಗೆ ಹೇಳಬೇಕು ಅಂತ ಮೂರು ದಿನದಿಂದ ಮನಸ್ಸಲ್ಲೇ ಭಾಷಣ ಮಾಡುತ್ತಿದ್ದೇನೆ. ಅಮ್ಮನಿಗೆ ಅದರ ಗೊಡವೆಯೇ ಇಲ್ಲ.

"ಹಾಗಾದ್ರೆ ಕಾಗೆಗೇನು ಇಟ್ಟಿದಾರೆ?" ಅಂತ ಕೇಳಿದಳು.

"ಕಾರ್ವಸ್ ಸ್ಪ್ಲೆಂಡೆನ್ಸ್. ಥಳಥಳ ಹೊಳೆಯೋ ಕಾಗೆ ಅಂತ. ಇಟ್ಟವನು ಲಿನೇಯಸ್ ಅಲ್ಲ, ಬೇರೆಯವನು."

ಅಮ್ಮ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು.

"ಇವನು ಬಿಸಿಲಲ್ಲಿ ಕಾಗೇನ ಸರಿಯಾಗಿ ನೋಡಿದಾನೆ, ಪರವಾಗಿಲ್ಲ" ಅಂದಳು.